ಬ್ಲೇಡ್ ಜಿಗ್ ನಡುಗದಿದ್ದಾಗ: ತೊಟ್ಟಿಯಲ್ಲಿ, ಕೆರೆಯಲ್ಲಿ ದೋಷ ಹುಡುಕುವ ಬಗೆ

ಮಂಡ್ಯದಲ್ಲಿ ನನ್ನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಕೆಲಸ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಯಾರಾದರೊಬ್ಬರು ಮೋಟಾರ್ ತಂದಿಟ್ಟುಕೊಂಡು ಕಟ್ಟೆ ಮೇಲೆ ಕೂತಿರುತ್ತಾರೆ. "ಓಡ್ತಿಲ್ಲ ಅಣ್ಣ" ಅನ್ನುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: "ಗುಂಯ್ ಅಂತದಾ, ಇಲ್ಲಾ ಸುಮ್ನೆ ಕೂತದಾ?" ಸಿಂಗಲ್ ಫೇಸ್ ಮೋಟಾರ್ ಗುಂಯ್ ಅಂದೂ ತಿರುಗದಿದ್ದರೆ ಮೊದಲು ಕೆಪಾಸಿಟರ್ ನೋಡಬೇಕು. ಸದ್ದೇ ಇಲ್ಲದಿದ್ದರೆ ಕರೆಂಟೇ ಬಂದಿಲ್ಲ, ಫ್ಯೂಸು ವೈರು ನೋಡಬೇಕು. ರೈತನ ಬಾಯಲ್ಲಿ ಎರಡಕ್ಕೂ ಒಂದೇ ಮಾತು. ಕಾಯಿಲೆ ಮಾತ್ರ ಬೇರೆ ಬೇರೆ.

ಬ್ಲೇಡ್ ಜಿಗ್ ಅಂದರೆ ಗಾಳದ ದಾರಕ್ಕೆ ಕಟ್ಟುವ ಒಂದು ಲೂರ್, ಮೀನನ್ನು ಮರುಳು ಮಾಡುವ ನಕಲಿ ಎರೆ. ಅದರ ಕಥೆಯೂ ಹಾಗೇ. ನನ್ನ ಜೊತೆ ಗಾಳಕ್ಕೆ ಬರುವ ಹುಡುಗರು "ಈ ಲೂರ್ ವೇಸ್ಟ್ ಅಣ್ಣ, ದುಡ್ಡು ದಂಡ" ಅಂತ ತಂದು ಕೈಗಿಡುತ್ತಾರೆ. ಎಳೆಯುವಾಗ ಕೈಗೆ ಏನು ಗೊತ್ತಾಯ್ತು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಈ ಲೂರ್‌ನ ಮುಕ್ಕಾಲು ಪಾಲು ದೋಷ ಮೊದಲು ಗೊತ್ತಾಗುವುದು ರಾಡ್, ಅಂದರೆ ಗಾಳದ ಕೋಲು ಹಿಡಿದ ಕೈಗೆ. ನಡುಕ ಬರಲೇ ಇಲ್ಲವೋ, ಬಂದು ನಿಂತಿತೋ, ಒಂದು ಪಕ್ಕಕ್ಕೆ ಎಳೆಯಿತೋ, ಚೆನ್ನಾಗಿ ನಡುಗಿಯೂ ಮೀನು ತಪ್ಪಿತೋ, ಅದನ್ನು ಹೇಳಿದರೆ ರಿಪೇರಿ ಅರ್ಧ ಆದ ಹಾಗೆ.

ಹೊಸಬರಿಗೆ ಸಾಮಾನಿನ ಪರಿಚಯ. ಮುಂದುಗಡೆ ಆರು ಮೂಲೆಯ ಪುಟ್ಟ ತಗಡು, ಅದೇ ಬ್ಲೇಡು. ಅದರ ಹಿಂದೆ ಸೀಸದ ತಲೆ, ತಲೆಯಿಂದ ಹೊರಟ ಒಂಟಿ ಕೊಕ್ಕೆ. ತಲೆಯ ಕತ್ತಿಗೆ ಸಿಲಿಕಾನ್ ಎಳೆಗಳ ಕುಚ್ಚು, ಅಂಗಡಿಯವರ ಭಾಷೆಯಲ್ಲಿ ಸ್ಕರ್ಟ್. ಕೊಕ್ಕೆಗೆ ನಾವೇ ಪೋಣಿಸುವ ರಬ್ಬರ್ ಮೀನಿಗೆ ಟ್ರೇಲರ್ ಅಂತ ಹೆಸರು. ತಗಡಿನ ಒಂದು ತೂತು ಸೀಸದ ತಲೆಯ ಕಣ್ಣಿಗೆ ಸೇರಿರುತ್ತದೆ. ಇನ್ನೊಂದರಲ್ಲಿ ಸ್ನ್ಯಾಪ್, ಅಂದರೆ ಸೇಫ್ಟಿ ಪಿನ್ನಿನ ಥರದ ಕೊಂಡಿ. ದಾರ ಕಟ್ಟುವುದು ಆ ಕೊಂಡಿಗೆ. ಎಳೆದಾಗ ನೀರು ತಗಡಿಗೆ ಎದುರಾಗಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಲೆಗೆ ಬಡಿದು ನಿಂತ ತಗಡನ್ನು ಮತ್ತೆ ಈ ಕಡೆಗೆ ತಳ್ಳುತ್ತದೆ. ಈ ಓಲಾಟ ಎಷ್ಟು ಬೇಗ ನಡೆಯುತ್ತದೆ ಅಂದರೆ ಕೈಗೆ ಬರುವುದು ಗಡಗಡ ನಡುಕ ಮಾತ್ರ. ನಾಲೆ ಏರಿ ಮೇಲೆ ಕೂತಿದ್ದ ಒಬ್ಬರು ಯಜಮಾನರು ಮೊದಲ ಸಲ ಇದನ್ನು ನೋಡಿ, "ಇದೇನಪ್ಪಾ, ಮೀನಿಗೆ ಗೆಜ್ಜೆ ಕಟ್ಟಿ ಕುಣ್ಸಕ್ ಹೊಂಟಿದ್ದೀಯಾ?" ಅಂದಿದ್ದರು. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಇದರ ಹೆಸರು ಗೆಜ್ಜೆ.

ಇದು ಹುಟ್ಟಿದ್ದು ಅಮೆರಿಕದಲ್ಲಿ, ಬಾಸ್ ಮೀನಿಗಾಗಿ. ಚ್ಯಾಟರ್‌ಬೇಟ್ ಅನ್ನುವುದು ಅಲ್ಲಿನ ಬ್ರ್ಯಾಂಡ್ ಹೆಸರು. ಈಗ ಜೆರಾಕ್ಸ್ ಥರ ಎಲ್ಲದಕ್ಕೂ ಅದೇ ಹೆಸರು ಅಂಟಿಕೊಂಡಿದೆ. ನನಗೆ ಮೊದಲು ನಾಲ್ಕು ತಂದುಕೊಟ್ಟವನು ಟೆಕ್ಸಾಸ್‌ನಲ್ಲಿರುವ ನನ್ನ ಭಾಮೈದ. ಅವನಿಗೆ ಶನಿವಾರ ಬಂತೆಂದರೆ ಬಾಸ್ ಬಿಟ್ಟು ಬೇರೆ ಮಾತಿಲ್ಲ. ಅಲ್ಲಿನವರ ಹುಚ್ಚು ಅಷ್ಟಿಷ್ಟಲ್ಲ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹತ್ತು ಕೆಜಿ ಚಿಲ್ಲರೆ ತೂಕದ ಬಾಸ್ ಹಿಡಿದನಂತೆ. ಅದಕ್ಕೆ ಸರಿಸಮ ಮೀನು ಸಿಕ್ಕಿದ್ದು 77 ವರ್ಷ ಆದಮೇಲೆ, 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅನ್ನುವವರಿಗೆ. ಭಾಮೈದ ಇದನ್ನು ಹೇಳುವಾಗ ಅವನ ಮನೆ ಹಿತ್ತಲಲ್ಲೇ ನಡೆದದ್ದು ಅನ್ನಬೇಕು, ಹಾಗೆ ಹೇಳುತ್ತಾನೆ.

ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ನಾನು ಇದನ್ನು ಎಸೆಯುವುದು ಕೊರವ ಮೀನಿಗೆ, ಮುರೆಲ್ ಅಂತಾರಲ್ಲ ಅದಕ್ಕೆ. ಎರಡೂ ಬೇರೆ ಬೇರೆ ಜಾತಿ, ಆದರೆ ಬುದ್ಧಿ ಒಂದೇ. ಕಳೆಯ ಅಂಚಿನಲ್ಲಿ ಹೊಂಚು ಹಾಕಿ ಕೂತು, ಹತ್ತಿರ ಬಂದದ್ದಕ್ಕೆ ಎಗರುತ್ತವೆ. ನೀರು ಕದಡಿದ್ದರೂ ಮೈಪಕ್ಕದ ಗೆರೆಯಿಂದ ನಡುಕ ತಿಳಿಯುತ್ತವೆ. ಅದಕ್ಕೇ ನಾಲೆಗೆ ನೀರು ಬಿಟ್ಟು ಕೆರೆ ಚಹಾ ಬಣ್ಣಕ್ಕೆ ತಿರುಗಿದಾಗ ಈ ಲೂರ್ ತೆಗೆಯುತ್ತೇನೆ.

ಮೊದಲು ತೊಟ್ಟಿ, ಆಮೇಲೆ ಕೆರೆ

ದೊಡ್ಡಪ್ಪನ ತೋಟದಲ್ಲಿ ಪಂಪ್‌ಹೌಸ್ ಪಕ್ಕ ಒಂದು ಸಿಮೆಂಟ್ ತೊಟ್ಟಿ ಇದೆ. ಹತ್ತಡಿ ಉದ್ದ, ಮೂರಡಿ ಆಳ. ಬೋರ್‌ವೆಲ್ ನೀರು, ತಳ ಕಾಣುತ್ತದೆ. ನನ್ನ ಎಲ್ಲ ಗೆಜ್ಜೆಗಳಿಗೂ ಮೊದಲ ಪರೀಕ್ಷೆ ಅಲ್ಲೇ. ರಾಡ್ ತುದಿಯಿಂದ ಒಂದು ಮೀಟರ್ ದಾರ ಬಿಟ್ಟು, ತುದಿಯನ್ನು ನೀರಿನ ಹತ್ತಿರ ಹಿಡಿದು, ತೊಟ್ಟಿಯ ಕಟ್ಟೆ ಪಕ್ಕ ನಡೆಯುತ್ತೇನೆ. ದಾರ ಸುತ್ತುವ ರೀಲ್ ಮುಟ್ಟುವುದಿಲ್ಲ. ನಡಿಗೆಯೇ ವೇಗ.

ಮೊದಲ ಸುತ್ತು ಟ್ರೇಲರ್ ಇಲ್ಲದೆ. ಕುಚ್ಚು ಮಾತ್ರ ಇರುವ ಜಿಗ್ ಸಾಧಾರಣ ನಡಿಗೆಯಲ್ಲಿ, ಒಂದಡಿ ಹೋಗುವುದರೊಳಗೆ ನಡುಗಲು ಶುರುವಾಗಬೇಕು. ಎರಡನೇ ಸುತ್ತು ಟ್ರೇಲರ್ ಹಾಕಿ. ಮೊದಲನೆಯದರಲ್ಲಿ ನಡುಗಿ ಎರಡನೆಯದರಲ್ಲಿ ನಡುಗದಿದ್ದರೆ ಜಿಗ್‌ನದು ತಪ್ಪಲ್ಲ, ಟ್ರೇಲರ್‌ನದು. ಎರಡರಲ್ಲೂ ನಡುಗದಿದ್ದರೆ ಜಿಗ್ಗನ್ನೇ ಬಿಚ್ಚಿ ನೋಡಬೇಕು. ಮೋಟಾರ್‌ನಿಂದ ಪಂಪ್ ಕಳಚಿ ಖಾಲಿ ಓಡಿಸಿ ನೋಡುತ್ತೇವಲ್ಲ, ಅದೇ ಉಪಾಯ. ಅರ್ಧ ಗಂಟೆ ತಲೆ ಚಚ್ಚಿಕೊಳ್ಳುವ ಕೆಲಸ ಎರಡು ನಿಮಿಷಕ್ಕೆ ಮುಗಿಯುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಟ್ರೇಲರ್ ತೆಗೆದು, ಕುಚ್ಚು ಕತ್ತರಿಸಿ, ತಗಡು ಬಗ್ಗಿಸಿ, ಮೂರೂ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗಲ್ಲ. ಕೆಟ್ಟರಂತೂ ಕೇಳಲೇಬೇಡಿ.

ಸ್ವಲ್ಪ ಹಳೆಯದಾದ ಜಿಗ್ ಇದ್ದರೆ ಇನ್ನೊಂದು ಗುರುತು ನೋಡಬಹುದು. ಸೀಸದ ತಲೆಯನ್ನು ಬಿಸಿಲಿಗೆ ಹಿಡಿದು ಎರಡೂ ಕೆನ್ನೆ ನೋಡಿ. ತಗಡು ಬಡಿದು ಬಡಿದು ಬಣ್ಣ ಕಿತ್ತು ಸಣ್ಣ ಹೊಳಪು ಬಿದ್ದಿರುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಥರ ಸವೆದಿದ್ದರೆ ತಗಡು ಸರಿಯಾಗಿ ಓಲಾಡುತ್ತಿದೆ. ಒಂದು ಕೆನ್ನೆ ಹೊಸದರ ಹಾಗಿದ್ದು ಇನ್ನೊಂದು ಬೋಳಾಗಿದ್ದರೆ ಅದು ಒಂದೇ ಕಡೆ ಬಡಿದುಕೊಂಡು ಬಂದಿದೆ. ಮೋಟಾರ್ ಬಿಚ್ಚಿದಾಗ ಶಾಫ್ಟ್ ಮೇಲಿನ ಸವೆತ ನೋಡಿ ಬೇರಿಂಗ್ ಜಾತಕ ಹೇಳುವುದು ನಮಗೆ ಅಭ್ಯಾಸ. ಇಲ್ಲೂ ಅದೇ ಕಣ್ಣು ಸಾಕು.

ಕೈಗೆ ಏನೂ ಬರುತ್ತಿಲ್ಲ

ಎಸೆದಿರಿ, ಎಳೆದಿರಿ, ಒದ್ದೆ ಬಟ್ಟೆ ಎಳೆದ ಹಾಗೆ ಬಂತು. ಮೊದಲು ಲೂರ್ ಮೇಲೆತ್ತಿ ತಗಡು ಮತ್ತು ತಲೆಯ ಸಂದಿ ನೋಡಿ. ಹತ್ತರಲ್ಲಿ ಆರು ಸಲ ಅಲ್ಲಿ ಪಾಚಿಯ ಎಳೆಯೋ ಜೊಂಡಿನ ನಾರೋ ಸಿಕ್ಕಿರುತ್ತದೆ. ಕೂದಲಷ್ಟು ನಾರು ಸಾಕು, ತಗಡು ಅಲುಗಾಡಲ್ಲ.

ಸಂದಿ ಖಾಲಿ ಇದ್ದರೆ, ಲೂರ್ ನೀರಿಗೆ ಬಿದ್ದಮೇಲೆ ನೀವು ಏನು ಮಾಡಿದಿರಿ ಅಂತ ನೆನಪು ಮಾಡಿಕೊಳ್ಳಿ. ಸುಮ್ನೆ ನಿಧಾನಕ್ಕೆ ರೀಲ್ ಸುತ್ತಲು ಶುರುಮಾಡಿದಿರಾ? ಹಾಗಾದರೆ ತಗಡು ತಲೆಗೆ ಅಂಟಿಕೊಂಡೇ ಬಂದಿರಬಹುದು. ಕೆಪಾಸಿಟರ್ ಹೋದ ಮೋಟಾರ್ ಒಂದು ತಳ್ಳು ಸಿಗುವವರೆಗೂ ಗುಂಯ್ ಅನ್ನುತ್ತಲೇ ಇರುವುದಿಲ್ಲವೇ, ಇದಕ್ಕೂ ಹೊರಡುವಾಗ ಒಂದು ತಳ್ಳು ಬೇಕು. ಲೂರ್ ಬಿದ್ದು ಬೇಕಾದ ಆಳಕ್ಕೆ ಇಳಿದಮೇಲೆ ರಾಡ್ ತುದಿಯನ್ನು ಚಿಟಿಕೆ ಹೊಡೆದ ಹಾಗೆ ಒಮ್ಮೆ ಮೇಲೆ ಎಳೆದು, ಕೂಡಲೇ ಸುತ್ತಲು ಶುರುಮಾಡಿ. ನಡುಕ ಹತ್ತಿಕೊಂಡಮೇಲೆ ನಿಧಾನ ಮಾಡಬಹುದು. ಇಷ್ಟು ಗೊತ್ತಿಲ್ಲದೆ ನಾನು ಒಂದು ತಿಂಗಳು ಒಳ್ಳೆಯ ಜಿಗ್ಗಿಗೆ ಬೈದುಕೊಂಡು ಓಡಾಡಿದ್ದೇನೆ.

ಮೂರನೆಯದು ಗಂಟು. ಕೊಂಡಿ ಬೇಡ ಅಂತ ಕೆಲವರು ದಾರವನ್ನು ನೇರವಾಗಿ ತಗಡಿನ ತೂತಿಗೆ ಕಟ್ಟುತ್ತಾರೆ. ಬಿಗಿ ಗಂಟು ತಗಡನ್ನು ಅಲುಗಾಡಲು ಬಿಡಲ್ಲ. ಮೇಲಾಗಿ ತೂತಿನ ಅಂಚು ದಾರವನ್ನು ಕುಯ್ಯುತ್ತದೆ. ಕೊಂಡಿ ಇರಲಿ, ಗಂಟು ಅದಕ್ಕೇ ಬೀಳಲಿ.

ಆನ್‌ಲೈನ್‌ನಲ್ಲಿ ಬರುವ ಅಗ್ಗದ ಸೆಟ್‌ಗಳಲ್ಲಿ ಇನ್ನೊಂದು ಕಾಟ ಇದೆ. ತಗಡಿನ ತೂತಿನೊಳಗೆ, ತಲೆಯ ಕಣ್ಣಿನಲ್ಲಿ ಬಣ್ಣ ಗಟ್ಟಿಯಾಗಿ ಕೂತಿರುತ್ತದೆ. ಕೈಯಲ್ಲಿ ತಗಡನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿ. ಬಾಗಿಲ ಹೊಸ ಕೀಲಿನ ಹಾಗೆ ಬಿಗಿ ಇದ್ದರೆ ದಬ್ಬಣದ ಮೊನೆಯಿಂದ ಬಣ್ಣ ಕೆರೆದು ತೆಗೆಯಿರಿ. ತಲೆ ಕೆಳಗೆ ಮಾಡಿ ಹಿಡಿದರೆ ತಗಡು ತನ್ನ ಭಾರಕ್ಕೆ ತಾನೇ ಬೀಳಬೇಕು, ಅಷ್ಟು ಸಡಿಲ ಇರಲಿ.

ಇವೆಲ್ಲ ಸರಿ ಇದ್ದೂ ನಡುಗದಿದ್ದರೆ ಟ್ರೇಲರ್ ಭಾರ ಜಾಸ್ತಿ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರೇಲರ್‌ಗೆ ಮಿತಿಮೀರಿ ಕಬ್ಬು ಹೇರಿದರೆ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಮೇಲೇಳುವುದನ್ನು ಫ್ಯಾಕ್ಟರಿ ರಸ್ತೆಯಲ್ಲಿ ಎಲ್ಲರೂ ನೋಡಿದ್ದೇವೆ. ಅರ್ಧ ಔನ್ಸ್ ಜಿಗ್, ಅಂದರೆ ಸುಮಾರು 14 ಗ್ರಾಂ. ಅದಕ್ಕೆ ಐದಿಂಚಿನ ದಪ್ಪ ರಬ್ಬರ್ ಮೀನು ಸಿಕ್ಕಿಸಿದರೆ ತಗಡು ಏನು ಮಾಡೀತು? ಮೂರರಿಂದ ನಾಲ್ಕು ಇಂಚು, ತೆಳು ಮೈ, ಬಾಲ ಸೀಳಿದ್ದು ಅಥವಾ ಸಣ್ಣದು ಸಾಕು. ಅಗಲ ಬಾಲದ ಟ್ರೇಲರ್ ತನ್ನದೇ ಬಾಲ ಬೀಸಿಕೊಂಡು ತಗಡಿನ ತಾಳ ಕೆಡಿಸುತ್ತದೆ, ಲೂರನ್ನು ಮೇಲಕ್ಕೂ ಎತ್ತುತ್ತದೆ. ಮೇಲಕ್ಕೆ ಎತ್ತುವುದು ಒಂದಡಿ ನೀರಿನ ಗದ್ದೆ ಅಂಚಿನಲ್ಲಿ ಒಳ್ಳೆಯದೇ. ಹೊಸಬರು ಅಲ್ಲಿಂದ ಶುರುಮಾಡಬೇಡಿ ಅಷ್ಟೆ.

ಹೊರಡುತ್ತದೆ, ಅರ್ಧ ದಾರಿಯಲ್ಲಿ ಸಾಯುತ್ತದೆ

ಇದರಲ್ಲಿ ಎರಡು ಬಗೆ. ಥಟ್ಟನೆ ನಿಂತರೆ ಕಳೆ. ಮೆಲ್ಲಗೆ ಮಂಕಾಗುತ್ತಾ ಹೋದರೆ ಕುಚ್ಚು.

ಕಳೆಯ ವಿಷಯಕ್ಕೆ ಬಂದರೆ ಒಂದು ತಮಾಷೆ ಇದೆ. ಭಾಮೈದ ಫೋನ್‌ನಲ್ಲಿ ಹೈಡ್ರಿಲ್ಲಾ ಹೈಡ್ರಿಲ್ಲಾ ಅಂತ ಬಡಿದುಕೊಳ್ಳುತ್ತಿದ್ದ. ಫೋಟೋ ಕಳಿಸಿದಾಗ ನೋಡಿದರೆ ನಮ್ಮ ಕೆರೆಗಳಲ್ಲಿ ನೀರೊಳಗೆ ಬೆಳೆಯುವ, ಸುತ್ತ ಎಲೆ ಬಿಡುವ ಅದೇ ಕಳೆ. ನಮ್ಮ ಏಷ್ಯಾ ಕಡೆಯದೇ ಗಿಡ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದವರ ಕೈಯಿಂದ ಫ್ಲೋರಿಡಾ ಸೇರಿ, ಆಮೇಲೆ ಅಮೆರಿಕದ ಎಷ್ಟೋ ಕೆರೆಗಳಿಗೆ ಹಬ್ಬಿಕೊಂಡಿತು. ಅಲ್ಲಿನ ಸರ್ಕಾರಗಳಿಗೆ ಅದು ತಲೆನೋವು, ಬಾಸ್ ಹಿಡಿಯುವವರಿಗೆ ಮೀನಿನ ಮನೆ. ಅವರು ಬೇಕಂತಲೇ ಲೂರನ್ನು ಆ ಕಳೆಯ ನೆತ್ತಿಗೆ ತಾಗಿಸಿಕೊಂಡು ತರುತ್ತಾರೆ. ಸಿಕ್ಕಿಕೊಂಡಾಗ ರಾಡ್‌ನಿಂದ ಒಂದು ಜಗ್ಗು. ಕಳೆ ಹರಿದು ತಗಡು ಮತ್ತೆ ಗಡಗಡ ಅಂದ ಕ್ಷಣಕ್ಕೇ ಬಾಸ್ ಹೊಡೆಯುತ್ತದಂತೆ. ನಮ್ಮ ಕೊರವದ್ದೂ ಅದೇ ಚಾಳಿ. ಆದ್ದರಿಂದ ಹೈಡ್ರಿಲ್ಲಾದಲ್ಲಿ ನಡುಕ ನಿಂತರೆ ಅದನ್ನು ದೋಷ ಅಂತ ಬರೆದುಕೊಳ್ಳಬೇಡಿ. ಜಗ್ಗಿ ಬಿಡಿಸಿ, ರಾಡ್ ಗಟ್ಟಿ ಹಿಡಿದುಕೊಳ್ಳಿ. ಜಗ್ಗಿದಮೇಲೂ ನಡುಕ ಬರದಿದ್ದರೆ ಮಾತ್ರ ಪೂರ್ತಿ ಎಳೆದುಕೊಂಡು ಸಂದಿ ಚೊಕ್ಕಟ ಮಾಡಿ. ಎಳೆಎಳೆಯಾದ ಹಸಿರು ಪಾಚಿ ಮಾತ್ರ ಬೇರೆ. ಅದು ಹರಿಯುವುದಿಲ್ಲ, ಸುತ್ತಿಕೊಳ್ಳುತ್ತದೆ. ಅಂಥ ನೀರಲ್ಲಿ ಈ ಲೂರ್ ತೆಗೆಯಲೇಬೇಡಿ.

ಇನ್ನು ಕುಚ್ಚು. ಅದನ್ನು ಹಿಡಿದಿರುವುದು ಒಂದು ಪುಟ್ಟ ರಬ್ಬರ್ ಬಳೆ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬೆಂದು ಬೆಂದು ಆ ಬಳೆ ಸಡಿಲವಾಗುತ್ತದೆ. ನಾಲ್ಕು ಎಸೆತ ಆದಮೇಲೆ ಕುಚ್ಚು ಕೊಕ್ಕೆಯ ಕಡೆಗೆ ಜಾರಿ, ಟ್ರೇಲರ್ ಮೇಲೆ ಗುಂಪು ಕಟ್ಟುತ್ತದೆ. ನೀರು ಸಲೀಸಾಗಿ ಹಿಂದಕ್ಕೆ ಹೋಗುವುದಿಲ್ಲ, ತಗಡಿನ ಓಲಾಟ ಮಂಕಾಗುತ್ತದೆ. ಕೈಗೆ ಗಡಗಡ ಹೋಗಿ ಗೊರಗೊರ ಬರುತ್ತದೆ.

ಇದರ ರಿಪೇರಿ ನನ್ನ ಅಂಗಡಿಯಲ್ಲೇ ಬಿದ್ದಿತ್ತು. ಸುಟ್ಟ ಮೋಟಾರ್‌ನಿಂದ ಬಿಚ್ಚಿದ ತಾಮ್ರದ ತಂತಿ. ತೆಳು ಗೇಜಿನದು ಒಂದು ಗೇಣು ಸಾಕು. ರಬ್ಬರ್ ಬಳೆ ಕತ್ತರಿಸಿ ತೆಗೆಯುವ ಮುಂಚೆ ಕುಚ್ಚನ್ನು ಕತ್ತಿಗೆ ಸರಿಯಾಗಿ ಕೂರಿಸಿ, ಎಳೆಗಳನ್ನು ಸುತ್ತಲೂ ಸಮನಾಗಿ ಹರಡಿ. ಬಳೆಯ ಪಕ್ಕದಲ್ಲೇ ತಂತಿಯನ್ನು ನಾಲ್ಕು ಸುತ್ತು ಸುತ್ತಿ, ಇಕ್ಕಳದಲ್ಲಿ ಹಿಡಿದು ತಿರುಚಿ. ತಿರುಚುವಾಗ ಎಳೆಗಳು ಒಂದು ಕಡೆ ಜರುಗದ ಹಾಗೆ ಹೆಬ್ಬೆರಳಿಂದ ಒತ್ತಿಕೊಳ್ಳಬೇಕು. ಉಳಿದ ತುದಿ ಕತ್ತರಿಸಿ, ಮೊಂಡು ತುದಿಯನ್ನು ಕುಚ್ಚಿನೊಳಗೆ ಮಡಚಿ. ಆಮೇಲೆ ಬಳೆ ಕತ್ತರಿಸಿ. ಜಾಸ್ತಿ ಬಿಗಿದರೆ ತಂತಿಯೇ ಸಿಲಿಕಾನ್ ಎಳೆ ಕುಯ್ಯುತ್ತದೆ. ನನ್ನ ಮೊದಲನೆಯದು ಹಾಗೇ ಬೋಳಾಯಿತು. ಎರಡನೆಯದು ಎರಡು ವರ್ಷ ಆದರೂ ಜಗ್ಗಿಲ್ಲ. ಅಮೆರಿಕದಲ್ಲೂ ಜಿಗ್ ಕಟ್ಟುವವರು ತಾಮ್ರದ ತಂತಿಯನ್ನೇ ಬಳಸುತ್ತಾರೆ ಅಂತ ಭಾಮೈದ ಆಮೇಲೆ ಹೇಳಿದ. ಅಲ್ಲಿ ಅದಕ್ಕೂ ದುಡ್ಡು ಕೊಟ್ಟು ಸಣ್ಣ ಉಂಡೆ ಕೊಳ್ಳುತ್ತಾರಂತೆ. ನಮ್ಮಲ್ಲಿ ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ.

ಒಂದು ಪಕ್ಕಕ್ಕೆ ಓಡುತ್ತದೆ, ಮಗುಚುತ್ತದೆ

ಇಲ್ಲಿ ಆತುರ ಪಡಬೇಡಿ. ಒಳ್ಳೆಯ ಬ್ಲೇಡ್ ಜಿಗ್ ಆಗಾಗ ತಾನೇ ಎಡಕ್ಕೋ ಬಲಕ್ಕೋ ಒಂದು ಜಿಗಿತ ಜಿಗಿದು ಮತ್ತೆ ದಾರಿಗೆ ಬರುತ್ತದೆ. ಬೆನ್ನಟ್ಟಿ ಬರುವ ಮೀನಿಗೆ ಅದು ಗಾಬರಿಬಿದ್ದ ಮರಿಮೀನಿನ ಹಾಗೆ ಕಾಣುತ್ತದೆ. ಬಾಸ್ ಹಿಡಿಯುವವರು ಇಂಥ ಜಿಗ್ ಸಿಕ್ಕರೆ ಬೇರೆ ಡಬ್ಬಿಯಲ್ಲಿ ಎತ್ತಿಡುತ್ತಾರೆ. ಇದು ಗೊತ್ತಿಲ್ಲದ ನಾನು, ಭಾಮೈದ ತಂದ ನಾಲ್ಕರಲ್ಲಿ ಅತ್ಯಂತ ಒಳ್ಳೆಯದನ್ನು ತೊಟ್ಟಿಯಲ್ಲಿ ನೋಡಿ, "ಇದು ನೆಟ್ಟಗೆ ಬರ್ತಿಲ್ಲ" ಅಂತ ಇಕ್ಕಳ ತಗೊಂಡೆ. ತಗಡಿನ ಒಂದು ಮೂಲೆಯನ್ನು ನೂಲಿನಷ್ಟು ಬಗ್ಗಿಸಿದೆ. ನೆಟ್ಟಗೇನೋ ಬಂತು. ಜಿಗಿಯುವುದು ನಿಂತೇ ಹೋಯಿತು. ವಾಪಸ್ ಬಗ್ಗಿಸಿದರೂ ಮೊದಲಿನ ಹಾಗಾಗಲಿಲ್ಲ. ಫೋನ್ ಮಾಡಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಭಾವ, ಅದಕ್ಕೆ ಇಲ್ಲಿ ಜನ ಬಾಯ್ ಬಾಯ್ ಬಿಡ್ತಾರೆ" ಅಂದ. ಆ ಜಿಗ್ ಈಗಲೂ ಅಂಗಡಿಯ ಮೊಳೆಗೆ ನೇತಾಡುತ್ತಿದೆ.

ಹಾಗಾದರೆ ನಿಜವಾದ ದೋಷ ಯಾವುದು? ಜಿಗಿದದ್ದು ವಾಪಸ್ ಬರದಿದ್ದರೆ ದೋಷ. ಎಳೆದಷ್ಟು ಹೊತ್ತೂ ಒಂದೇ ಕಡೆ ವಾಲಿಕೊಂಡು ಬಂದರೆ, ಅಥವಾ ಹೊಟ್ಟೆ ಮೇಲೆ ಮಾಡಿ ಮಗುಚಿದರೆ ದೋಷ. ಮೊದಲು ಟ್ರೇಲರ್ ನೋಡಿ. ರಬ್ಬರ್ ಮೀನಿನ ಮೈಮೇಲೆ ಅಚ್ಚಿನ ಸಣ್ಣ ಗೆರೆ ಇರುತ್ತದೆ. ಕೊಕ್ಕೆಯ ಮೊನೆ ಮೂಗಿನ ನಟ್ಟನಡುವೆ ಹೊಕ್ಕು ಆ ಗೆರೆಯ ಮೇಲೇ ಹೊರಬರಬೇಕು. ಅಕ್ಕಿಕಾಳಿನಷ್ಟು ಪಕ್ಕಕ್ಕೆ ಬಂದರೂ ಮೀನು ಡೊಂಕಾಗಿ ಕೂರುತ್ತದೆ, ದೋಣಿಯ ಚುಕ್ಕಾಣಿ ಥರ ಇಡೀ ಲೂರನ್ನು ತಿರುಗಿಸುತ್ತದೆ. ಡಿಕ್ಕಿಯ ಬಿಸಿಗೆ ಬಾಲ ಸೊಟ್ಟಗಾದ ಟ್ರೇಲರ್ ಕೂಡ ಹಾಗೇ ಮಾಡುತ್ತದೆ. ಅದನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಲಗಿಸಿ, ತಣ್ಣೀರಿಗೆ ಹಾಕಿದರೆ ಸುಮಾರಾಗಿ ಸರಿಹೋಗುತ್ತದೆ.

ಟ್ರೇಲರ್ ಸರಿ ಇದ್ದರೆ ಕೊಕ್ಕೆ. ಕಲ್ಲಿಗೆ ಸಿಕ್ಕಿ ಜಗ್ಗಿದಮೇಲೆ ಕೊಕ್ಕೆ ಸ್ವಲ್ಪ ಪಕ್ಕಕ್ಕೆ ತಿರುಗಿರುತ್ತದೆ. ಮುಂದಿನಿಂದ ಒಂದೇ ಕಣ್ಣಲ್ಲಿ ನೋಡಿದರೆ ತಗಡಿನ ತೂತು, ತಲೆಯ ಕಣ್ಣು, ಕೊಕ್ಕೆಯ ಮೊನೆ ಒಂದೇ ಗೆರೆಯಲ್ಲಿರಬೇಕು. ಇದನ್ನು ಇಕ್ಕಳದಲ್ಲಿ ಸರಿಮಾಡಬಹುದು. ತಗಡಿನ ತಂಟೆಗೆ ಮಾತ್ರ ಹೋಗಬೇಡಿ. ಎಲ್ಲ ಸರಿ ಇದ್ದೂ ಮಗುಚಿದರೆ ನೀವು ಸುತ್ತುತ್ತಿರುವುದೇ ಜಾಸ್ತಿ ವೇಗ. ರೀಲ್ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್, ಅಂದರೆ ದಾರದ ಉರುಳೆ, ಏಳು ಸಲಕ್ಕಿಂತ ಜಾಸ್ತಿ ತಿರುಗುವ ರೀಲ್ ಇಟ್ಟುಕೊಂಡವರಿಗೆ ಈ ಕಾಯಿಲೆ ಜಾಸ್ತಿ. ಆರು ಚಿಲ್ಲರೆ ಇರುವ ರೀಲ್‌ನಲ್ಲಿ ಕೈಗೆ ಹದ ಸಿಗುತ್ತದೆ.

ನಡುಕ ಸರಿ, ಮೀನು ಹೊಡೆಯುತ್ತದೆ, ನಿಲ್ಲುತ್ತಿಲ್ಲ

ಹೆಚ್ಚು ಹೊಟ್ಟೆ ಉರಿಸುವ ದೋಷ ಇದು. ಲೂರ್‌ನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ, ಯಾಕೆಂದರೆ ಸಾಮಾನ್ಯವಾಗಿ ಅದು ನಮ್ಮಲ್ಲೇ ಇರುತ್ತದೆ.

ಕೊರವ ಹಿಡಿಯುವ ನಾವೆಲ್ಲ ರಬ್ಬರ್ ಕಪ್ಪೆಯಲ್ಲಿ ಪಳಗಿದವರು. ಕಪ್ಪೆಗೆ ಗಟ್ಟಿ ರಾಡ್, ಹಿಗ್ಗದ ಬ್ರೇಡ್ ದಾರ. ಮೀನು ನುಂಗಿದ ಮೇಲೆ ಎದೆಮಟ್ಟದಿಂದ ತಲೆಮೇಲಕ್ಕೆ ಒಂದೇ ಏಟಿಗೆ ಎಳೆತ. ಅದೇ ರಾಡ್, ಅದೇ ದಾರ, ಅದೇ ಎಳೆತ ಇಟ್ಟುಕೊಂಡು ಗೆಜ್ಜೆ ಎಸೆದೆ. ಒಂದು ಭಾನುವಾರ ಬೆಳಗ್ಗೆ ಏಳು ಹೊಡೆತ, ಒಂದೂ ನಿಲ್ಲಲಿಲ್ಲ. ಏಳನೆಯದು ನನ್ನ ಕಾಲ ಹತ್ತಿರವೇ, ಮೊಣಕಾಲು ನೀರಲ್ಲಿ ಹೊಡೆಯಿತು. ನಡುಕ ನಿಂತು ದಾರ ಒಂದು ಕ್ಷಣ ಸಡಿಲವಾಯ್ತು. ನಾನು ಎಳೆದೆ. ಲೂರ್ ನೀರಿಂದ ಹಾರಿ ಬಂದು ಹಿಂದಿದ್ದ ಜಾಲಿ ಮರಕ್ಕೆ ಸಿಕ್ಕಿಕೊಂಡಿತು. ಟ್ರೇಲರ್‌ನ ಬಾಲ ಇರಲಿಲ್ಲ, ಕುಯ್ದ ಹಾಗೆ ಹೋಗಿತ್ತು.

ರಾತ್ರಿ ಭಾಮೈದನಿಗೆ ಫೋನ್ ಮಾಡಿದೆ.

"ಯಾವ ರಾಡ್ ಭಾವ?"

"ಕಪ್ಪೇದೇ ಕಣೋ."

"ಅದೇ ತಪ್ಪು. ಮೀನು ಬಾಯಿ ಮುಚ್ಚೋಕ್ ಮುಂಚೆ ನೀವು ಕಿತ್ಕೊತಾ ಇದ್ದೀರ. ಎಳೀಬೇಡಿ, ಸೊಂಟ ತಿರುಗಿಸಿ."

ಬ್ಲೇಡ್ ಜಿಗ್ ಯಾವಾಗಲೂ ಓಡುತ್ತಿರುವ ಲೂರ್. ಬೆನ್ನಟ್ಟಿ ಬಂದ ಮೀನು ಹಿಂದಿನಿಂದ ಬಾಯಿ ಹಾಕುತ್ತದೆ. ರಾಡ್ ತುದಿ ಗಟ್ಟಿ ಇದ್ದು ದಾರವೂ ಹಿಗ್ಗದಿದ್ದರೆ ಲೂರ್ ಅದರ ಬಾಯಿಂದ ಮುಂದಕ್ಕೆ ಓಡಿಹೋಗುತ್ತದೆ. ಅದಕ್ಕೇ ಬಾಸ್‌ನವರು ಇದಕ್ಕೆ ಫೈಬರ್‌ಗ್ಲಾಸ್ ಬೆರೆಸಿದ, ನಡುವಿನಿಂದ ಬಾಗುವ ಏಳಡಿ ರಾಡ್ ಇಡುತ್ತಾರೆ. ದಾರ 15ರಿಂದ 20 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್, ಅದು ಬ್ರೇಡ್‌ಗಿಂತ ಸ್ವಲ್ಪ ಹಿಗ್ಗುತ್ತದೆ. ನನ್ನ ಹತ್ತಿರ ಅದಿರಲಿಲ್ಲ. ಹಳೆಯ ಮೆತ್ತನೆ ರಾಡ್ ಒಂದು ಅಟ್ಟದ ಮೇಲಿತ್ತು. ಬ್ರೇಡ್ ದಾರದ ತುದಿಗೆ ಒಂದೂವರೆ ಮೀಟರ್ ದಪ್ಪ ತಂಗೂಸಿ ಸೇರಿಸಿದೆ. ತಂಗೂಸಿ ಸ್ವಲ್ಪ ಹಿಗ್ಗುತ್ತದೆ, ಅದೇ ಬೇಕಾದದ್ದು. ಮೀನು ಹೊಡೆದಾಗ ಎಳೆಯದೆ ರೀಲ್ ಸುತ್ತುತ್ತಲೇ ಇದ್ದು, ರಾಡ್ ಭಾರಕ್ಕೆ ಬಾಗಿದಮೇಲೆ ಸೊಂಟದಿಂದ ಪಕ್ಕಕ್ಕೆ ತಿರುಗುವುದು. ಮುಂದಿನ ಭಾನುವಾರ ಐದು ಹೊಡೆತಕ್ಕೆ ಮೂರು ನಿಂತವು. ಲೂರ್ ಅದೇ, ಕೆರೆ ಅದೇ.

ಒಂದು ವಿಷಯದಲ್ಲಿ ಮಾತ್ರ ಬಾಸ್‌ನವರ ಮಾತನ್ನು ಪೂರ್ತಿ ನಂಬಬೇಡಿ. ಕೊರವದ ಬಾಯಿ ಗಟ್ಟಿ ಮೂಳೆ, ಹಲ್ಲೂ ಇದೆ. ತೀರಾ ಮೆತ್ತನೆ ರಾಡ್ ಇಟ್ಟರೆ ಕೊಕ್ಕೆ ಇಳಿಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಕೊಕ್ಕೆಯ ಮೊನೆ ಅವರಿಗಿಂತ ಚೂಪಿರಬೇಕು. ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡಾಗಿದೆ, ಕಚ್ಚಿ ನಿಂತರೆ ಸರಿ ಇದೆ. ಸಣ್ಣ ಅರದಿಂದ ಮೊನೆಯ ಕಡೆಗೆ ನಾಲ್ಕು ಉಜ್ಜು ಸಾಕು. ಮೀನು ಬರೀ ಬಾಲ ಕಚ್ಚಿ ಬಿಡುತ್ತಿದ್ದರೆ ಟ್ರೇಲರ್ ಗಿಡ್ಡ ಮಾಡಿ, ಕುಚ್ಚನ್ನು ಕೊಕ್ಕೆಯ ಬಾಗಿನಿಂದ ಒಂದು ಬೆರಳು ಆಚೆಗೆ ಕತ್ತರಿಸಿ. ಬಾಲ ಕುಯ್ಯುವುದು ಕೆಲವು ಸಲ ಕೊರವ ಅಲ್ಲ, ಜಿಲೇಬಿ ಮೀನು. ಟಕ್ ಟಕ್ ಅಂತ ಸಣ್ಣ ಕುಟುಕು ಬಂದರೆ ಅದೇ ಅಂತ ತಿಳಿದು ಮುಂದಕ್ಕೆ ನಡೆಯಿರಿ.

ಕೊಂಡಿ ಬಿಚ್ಚಿಕೊಂಡರೆ

ಗಂಟು ಹಾಗೇ ಇದೆ, ಲೂರ್ ಇಲ್ಲ. ದಾರದ ತುದಿಯಲ್ಲಿ ತೆರೆದ ಕೊಂಡಿ ಮಾತ್ರ ನೇತಾಡುತ್ತಿದೆ, ಅಥವಾ ಅದೂ ಇಲ್ಲ. ತಗಡಿನ ಬಡಿತಕ್ಕೆ ಕೊಂಡಿ ದಿನವಿಡೀ ಅಲುಗಾಡುತ್ತದೆ, ಸಡಿಲವಾಗುತ್ತದೆ. ಪ್ರತಿ ಮೀನು ಹಿಡಿದಮೇಲೆ ಒಮ್ಮೆ ಒತ್ತಿ ನೋಡಿ. ಬೆರಳಿಗೇ ತೆರೆದುಕೊಂಡರೆ ಬದಲಾಯಿಸಿ. ಬದಲಾಯಿಸುವಾಗ ಅದೇ ಅಳತೆಯದು ಹಾಕಿ. ದೊಡ್ಡ ಕೊಂಡಿ ಹಾಕಿದರೆ ತಗಡಿನ ಮೂತಿಗೆ ಭಾರವಾಗಿ ನಡುಕವೇ ಬದಲಾಗುತ್ತದೆ.

ಲೂರ್ ಸರಿ, ಜಾಗ ತಪ್ಪು

ಅಂತರಗಂಗೆ ಚಾಪೆ ಹಾಸಿದ ಹಾಗೆ ಮುಚ್ಚಿರುವ ನೀರಿಗೆ ಇದು ಆಗಿಬರಲ್ಲ. ಕೊಕ್ಕೆ ಬರಿದಾಗಿ ನಿಂತಿರುತ್ತದೆ, ಮೊದಲ ಎಸೆತಕ್ಕೇ ಸಿಕ್ಕಿಬೀಳುತ್ತದೆ. ಅಲ್ಲಿ ರಬ್ಬರ್ ಕಪ್ಪೆಯೇ ರಾಜ. ಗೆಜ್ಜೆಗೆ ಬೇಕಾದದ್ದು ಜೊಂಡಿನ ಹೊರ ಅಂಚು, ತೂಬಿನ ಹತ್ತಿರದ ತೆರವು, ನೀರೊಳಗೆ ಮುಳುಗಿದ ಕಳೆಯ ನೆತ್ತಿ. ಆಳ ಎರಡಡಿಯಿಂದ ಐದಡಿ. ಎರಡಡಿಗೆ 10 ಗ್ರಾಂ ಆಸುಪಾಸಿನದು, ಅದಕ್ಕಿಂತ ಜಾಸ್ತಿ ಆಳಕ್ಕೆ 14 ಗ್ರಾಂ.

ಕೆರೆಗೆ ಇಳಿಯುವ ಮುಂಚೆ ಟೆಂಡರ್ ಯಾರದ್ದು ಅಂತ ವಿಚಾರಿಸಿ ಒಂದು ಮಾತು ಕೇಳಿಕೊಳ್ಳಿ. ನಮ್ಮ ಕಡೆ ಬಹಳ ಕೆರೆಗಳಲ್ಲಿ ಮೀನು ಸೊಸೈಟಿಯವರು ಮರಿ ಬಿಟ್ಟಿರುತ್ತಾರೆ. ರಂಗನತಿಟ್ಟು ಪಕ್ಷಿಧಾಮದಂಥ ಕಡೆ ಗಾಳದ ಮಾತೇ ಎತ್ತಬೇಡಿ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಕೆಳಗೆ ತಾಯಿ ತಂದೆ ಕೊರವ ಕಾವಲಿರುತ್ತವೆ. ಅಲ್ಲಿಗೆ ಏನು ಎಸೆದರೂ ಕೋಪಕ್ಕೆ ಹೊಡೆಯುತ್ತವೆ. ಅದನ್ನು ಹಿಡಿದು ಫೋಟೋ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಮರಿಗಳೆಲ್ಲ ಅರ್ಧ ಗಂಟೆಯಲ್ಲಿ ಜಿಲೇಬಿ ಮೀನಿನ ಹೊಟ್ಟೆ ಸೇರುತ್ತವೆ.

ಡಬ್ಬಿಯೊಳಗಿನ ದೋಷ

ಕೊನೆಯ ದೋಷ ಕೆರೆಯಲ್ಲಿ ಹುಟ್ಟುವುದಿಲ್ಲ. ಕೆಲವು ಟ್ರೇಲರ್‌ಗಳು ತುಂಬಾ ಹಿಗ್ಗುವ, ಹರಿಯದ ಬೇರೆ ಜಾತಿಯ ಪ್ಲಾಸ್ಟಿಕ್‌ನಿಂದ ಮಾಡಿದವು. ಕೊರವದ ಹಲ್ಲಿಗೆ ತಡೆಯುತ್ತವೆ ಅಂತ ನಾವೆಲ್ಲ ಕೊಳ್ಳುತ್ತೇವೆ. ಅವನ್ನು ಮಾಮೂಲಿ ಮೆತ್ತನೆ ರಬ್ಬರ್ ಮೀನಿನ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿದರೆ ಎರಡೂ ಸೇರಿ ಕರಗುತ್ತವೆ. ಒಂದು ವಾರ ಬಿಟ್ಟು ತೆಗೆದರೆ ಬೆಲ್ಲದ ಪಾಕದ ಹಾಗೆ ಅಂಟು, ಅದರೊಳಗೆ ಮೂರು ಜಿಗ್‌ಗಳ ಕುಚ್ಚು. ನನಗೆ ಆದದ್ದು ಇದೇ. ಬೇರೆ ಬೇರೆ ಜಾತಿಯವನ್ನು ಅವು ಬಂದ ಕವರ್‌ನಲ್ಲೇ ಇಡಿ.

ಮನೆಗೆ ಬಂದಮೇಲೆ ಟ್ರೇಲರ್ ಬಿಚ್ಚಿ, ಜಿಗ್ಗನ್ನು ಸಿಹಿನೀರಲ್ಲಿ ಜಾಲಾಡಿ. ತಗಡಿನ ಸಂದಿಯಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಆಡಿಸಿ, ಕೊಂಡಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ರಾತ್ರಿ ಪೂರ್ತಿ ಗಾಳಿಗೆ ತೂಗುಹಾಕಿ. ಕುಚ್ಚು ಒದ್ದೆ ಇರುವಾಗ ಡಬ್ಬಿ ಮುಚ್ಚಬೇಡಿ, ಬೆಳಗಾಗುವುದರೊಳಗೆ ಕೊಕ್ಕೆಯ ಮೊನೆಯಲ್ಲಿ ತುಕ್ಕಿನ ಚುಕ್ಕೆ ಕಾಣಿಸುತ್ತದೆ.